ನೇಮಕಾತಿ ಶುಲ್ಕ ನಿಲ್ಲಲಿ

ಮಾನ್ಯ ಸಂಪಾದಕರೇ,

ಬಲವಂತದ ದುಡಿಮೆ ಮತ್ತು ಮಾನವ ಕಳ್ಳಸಾಗಣೆ ತಡೆಯಲು ದಾಳಿ, ರಕ್ಷಣಾ ಕಾರ್ಯಾಚರಣೆಗಳಷ್ಟೇ ಸಾಲವು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂದಾಜಿನಂತೆ 2021ರಲ್ಲಿ 2.76 ಕೋಟಿ ಜನ ಇಂಥ ದುಡಿಮೆಯಲ್ಲಿದ್ದರು. ಇವರೆಲ್ಲ ಅಪಹರಣಕ್ಕೊಳಗಾದವರಲ್ಲ, ವಿದೇಶದಲ್ಲಿ ಕೆಲಸ ಸಿಗುತ್ತದೆಂದು ನಂಬಿ, ಸಾಲ ಮಾಡಿ ಏಜೆಂಟರಿಗೆ ಹಣ ತೆತ್ತವರೂ ಅನೇಕರು. ಅಲ್ಲಿಗೆ ತಲುಪಿದ ಮೇಲೆ ಪಾಸ್‌ಪೋರ್ಟ್ ಮಾಲೀಕನ ವಶ, ಸಂಬಳ ಸಾಲಕ್ಕೆ ಜಮೆ. ತಪ್ಪಿಸಿಕೊಂಡು ಬಂದರೆ, ದಾಖಲೆಯಿಲ್ಲವೆಂದು ಅವರನ್ನೇ ಬಂಧಿಸುವ ವಿಪರ್ಯಾಸ ಬೇರೆ! ಖಾಸಗಿ ಏಜೆನ್ಸಿಗಳು ಕಾರ್ಮಿಕರಿಂದ ಶುಲ್ಕ ಪಡೆಯಬಾರದೆಂದು ಸಂಘಟನೆಯ 1997ರ 181ನೇ ಒಡಂಬಡಿಕೆ ಹೇಳಿದೆಯಾದರೂ ಅದನ್ನು ಅನುಮೋದಿಸದ ದೇಶಗಳೇ ಹೆಚ್ಚು. ನೇಮಕಾತಿಯ ಪೂರ್ಣ ವೆಚ್ಚವನ್ನು ಉದ್ಯೋಗದಾತರೇ ಭರಿಸುವಂತೆ ಎಲ್ಲ ದೇಶಗಳೂ ಕಾನೂನು ಮಾಡಬೇಕು. ಅದನ್ನು ಪಾಲಿಸದ ಕಂಪನಿಗಳ ಸರಕನ್ನು ಆಮದು ರಾಷ್ಟ್ರಗಳು ಬಂದರಿನಲ್ಲೇ ತಡೆಯಲಿ.

– ಓರ್ವ ಓದುಗ