ನಾನಿಲ್ಲದಾಗ ಶಾಲೆ ನಡೆಸಿದವರಿಗೆ

ಎರಡು ಶಾಲೆಗಳನ್ನು ವಿಲೀನ ಮಾಡಿದ ನಂತರದ ಎರಡನೇ ಶೈಕ್ಷಣಿಕ ವರ್ಷ ಮೊನ್ನೆ ಮುಗಿಯಿತು. ಫಲಿತಾಂಶ ಚೆನ್ನಾಗಿದೆ, ದಾಖಲಾತಿ ಕುಸಿಯಲಿಲ್ಲ, ಬಿಟ್ಟುಹೋಗುತ್ತೇವೆ ಎಂದಿದ್ದ ಶಿಕ್ಷಕರು ಹೋಗಲಿಲ್ಲ. ಅಭಿನಂದನೆ ಹೇಳಲು ಬಂದವರೆಲ್ಲ ನೇರವಾಗಿ ಮುಖ್ಯಶಿಕ್ಷಕಿಯ ಕೊಠಡಿಗೇ ಬರುತ್ತಿದ್ದಾರೆ. ಬಾಗಿಲಿಗೆ ನನ್ನ ಹುದ್ದೆಯ ಫಲಕ ತೂಗುಹಾಕಿದೆ ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಕಾರಣವಿಲ್ಲ. ಈ ಅವಧಿಯ ಅತ್ಯಂತ ಕಷ್ಟದ ತಿಂಗಳುಗಳಲ್ಲಿ ನಾನು ಶಾಲೆಯಲ್ಲೇ ಇರಲಿಲ್ಲ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಯಲ್ಲಿ ಮಲಗಿದ್ದೆ. ಹಾಗಾಗಿ ಬಂದ ಅಭಿನಂದನೆಗಳನ್ನು ಸೇರಬೇಕಾದವರಿಗೆ ಸೇರಿಸುವ ಬಾಕಿ ನನ್ನ ಮೇಲಿದೆ.

ಮೊದಲ ವರ್ಷದ ಗೊಂದಲ ಈಗ ನಗು ತರಿಸುತ್ತದೆ, ಆಗ ತರಿಸಿರಲಿಲ್ಲ. ಎರಡು ಬಗೆಯ ಹಾಜರಿ ಪುಸ್ತಕ, ಎರಡು ಬಗೆಯ ಅಂಕಪಟ್ಟಿ, ನೋಟ್‌ಬುಕ್ ತಿದ್ದುವುದಕ್ಕೆ ಎರಡು ಪದ್ಧತಿ. ಒಂದು ಶಾಲೆಯವರು ತಪ್ಪಿನ ಪಕ್ಕದಲ್ಲೇ ಸರಿಯುತ್ತರ ಬರೆದುಕೊಡುತ್ತಿದ್ದರು. ಇನ್ನೊಂದು ಶಾಲೆಯವರು ಕೆಂಪು ಗೆರೆ ಎಳೆದು, ಮಕ್ಕಳೇ ಹುಡುಕಿಕೊಳ್ಳಲಿ ಎನ್ನುತ್ತಿದ್ದರು. ಸಿಬ್ಬಂದಿ ಕೊಠಡಿಯಲ್ಲಿ ಕಿಟಕಿಯ ಕಡೆ ಒಂದು ಶಾಲೆ, ಬಾಗಿಲ ಕಡೆ ಮತ್ತೊಂದು. ಎತ್ತು ಏರಿಗೆ, ಕೋಣ ನೀರಿಗೆ. ಇದು ಸಾಲದು ಎಂಬಂತೆ ಅದೇ ವರ್ಷ ಹೊಸ ಪಠ್ಯಕ್ರಮವೂ ಬಂತು.

ಈ ಬಿಕ್ಕಟ್ಟನ್ನು ಸಭೆ ಕರೆದು ಬಿಡಿಸಲಾಗಲಿಲ್ಲ. ಒಗ್ಗಟ್ಟಿನ ಬಗ್ಗೆ ಭಾಷಣ ಮಾಡಿದಷ್ಟೂ ಜನ ತಮ್ಮ ತಮ್ಮ ಕುರ್ಚಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತಿದ್ದರು. ದಾರಿ ತೋರಿಸಿದವರು ನಮ್ಮ ಗಣಿತ ಶಿಕ್ಷಕಿ. ಜಪಾನಿನ ಶಾಲೆಗಳಲ್ಲಿ ನೂರು ವರ್ಷಕ್ಕೂ ಮೀರಿ ನಡೆದುಬಂದಿರುವ ಒಂದು ರೂಢಿಯನ್ನು ಅವರು ನಮ್ಮಲ್ಲಿಗೆ ತಂದರು. ಕೆಲವು ಶಿಕ್ಷಕರು ಕೂಡಿ ಒಂದೇ ಒಂದು ಪಾಠವನ್ನು ಯೋಜಿಸುತ್ತಾರೆ, ಒಬ್ಬರು ಆ ಪಾಠ ಮಾಡುತ್ತಾರೆ, ಉಳಿದವರು ತರಗತಿಯಲ್ಲಿ ನಿಂತು ನೋಡುತ್ತಾರೆ, ಆಮೇಲೆ ಎಲ್ಲರೂ ಕುಳಿತು ಚರ್ಚಿಸುತ್ತಾರೆ. ಅವರು ಹಾಕಿದ ನಿಯಮ ಒಂದೇ: ಪಾಠ ಮಾಡುವವರನ್ನು ನೋಡಬಾರದು, ಮಕ್ಕಳನ್ನು ನೋಡಬೇಕು. ನೋಡಲು ಬಂದವರಲ್ಲಿ ಎರಡೂ ಶಾಲೆಯವರು ಇರಲೇಬೇಕು ಎಂಬುದನ್ನು ಬಾಯಿಬಿಟ್ಟು ಹೇಳದೆ, ಪಟ್ಟಿ ಬರೆಯುವಾಗ ತಾವೇ ನೋಡಿಕೊಂಡರು.

ಮೊದಲ ಪಾಠ ಭಿನ್ನರಾಶಿಯದು. ಪಾಠ ಸೊಗಸಾಗಿತ್ತು, ಮಕ್ಕಳು ಉತ್ಸಾಹದಿಂದ ಕೈ ಎತ್ತುತ್ತಿದ್ದರು. ಆದರೆ ಹಿಂದಿನ ಬೆಂಚುಗಳ ಪಕ್ಕದಲ್ಲಿ ನಿಂತಿದ್ದವರಿಗೆ ಬೇರೆಯದೇ ಕಂಡಿತು. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿ ಐದನೇ ಎರಡು ಭಾಗ ಎಂದು ಹಲವರು ಬರೆಯುತ್ತಿದ್ದರು. ಮೇಲಿನ ಸಂಖ್ಯೆಗಳನ್ನು ಮೇಲೆ, ಕೆಳಗಿನವನ್ನು ಕೆಳಗೆ ಕೂಡಿಸಿಬಿಟ್ಟಿದ್ದರು. ಅರ್ಧಕ್ಕೆ ಏನನ್ನೋ ಸೇರಿಸಿದ ಮೇಲೆ ಬಂದದ್ದು ಅರ್ಧಕ್ಕಿಂತ ಕಡಿಮೆಯಾಗಿದೆ ಎಂಬುದು ಅವರನ್ನು ಕಾಡಿರಲಿಲ್ಲ. ಚರ್ಚೆಯಲ್ಲಿ ನೋಟ್‌ಬುಕ್ ತಿದ್ದುವ ಹಳೆಯ ಜಗಳ ತಾನಾಗಿಯೇ ಮೇಲೆ ಬಂತು. ಸರಿಯುತ್ತರ ಬರೆದುಕೊಟ್ಟಿದ್ದರೆ ಮಕ್ಕಳು ಅದನ್ನು ನಕಲು ಮಾಡುತ್ತಿದ್ದರು, ಬರೀ ಗೆರೆ ಎಳೆದಿದ್ದರೆ ಇನ್ನೊಂದು ತಪ್ಪು ಉತ್ತರ ಊಹಿಸುತ್ತಿದ್ದರು. ಎರಡು ಪದ್ಧತಿಗಳಲ್ಲಿ ಯಾವುದೂ ಆ ಮಕ್ಕಳನ್ನು ಮುಟ್ಟುತ್ತಿರಲಿಲ್ಲ. ತಿಂಗಳುಗಟ್ಟಲೆ ವಾದಿಸಿದ್ದವರು ಅಂದು ವಾದಿಸಲಿಲ್ಲ, ಮುಂದಿನ ಪಾಠ ಯಾರದು ಎಂದು ಕೇಳಿದರು. ಆ ಪಾಠವನ್ನು ಹತ್ತು ಜೊತೆ ಕಣ್ಣುಗಳ ಮುಂದೆ ಮಾಡಲು ಮೊದಲು ಒಪ್ಪಿದ ಕಿರಿಯ ಶಿಕ್ಷಕರಿಗೆ ನನ್ನ ಮೊದಲ ಧನ್ಯವಾದ. ಅನುಭವಸ್ಥರೇ ಹಿಂಜರಿದ ಕೆಲಸ ಅದು.

1990ರ ದಶಕದಲ್ಲಿ ಷಿಕಾಗೊ ನಗರದ ಪ್ರಾಥಮಿಕ ಶಾಲೆಗಳ ಸುಧಾರಣೆಯ ಬಗ್ಗೆ ನಡೆದ ದೀರ್ಘ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಶಿಕ್ಷಕರು, ಮುಖ್ಯಸ್ಥರು ಮತ್ತು ಪೋಷಕರ ನಡುವೆ ನಂಬಿಕೆ ಗಟ್ಟಿಯಾಗಿದ್ದ ಶಾಲೆಗಳು ಸುಧಾರಿಸುವ ಸಾಧ್ಯತೆ ಎರಡರಲ್ಲಿ ಒಂದಿದ್ದರೆ, ನಂಬಿಕೆ ತೀರ ದುರ್ಬಲವಾಗಿದ್ದ ಕಡೆ ಅದು ಏಳರಲ್ಲಿ ಒಂದು ಮಾತ್ರ ಇತ್ತು. ಹಾಸಿಗೆಯ ಮೇಲಿದ್ದಾಗ ಇದನ್ನು ಮತ್ತೆ ಓದಿದೆ. ನಂಬಿಕೆ ಎಂದರೆ ಸೌಹಾರ್ದ, ನಗುಮುಖ ಎಂದೇ ನಾವು ತಿಳಿಯುತ್ತೇವೆ. ನಮ್ಮಲ್ಲಿ ಅದು ಬೆಳೆದದ್ದು ಬೇರೆಯವರ ಮುಂದೆ ಪಾಠ ಮಾಡಿ, ಬಳಿಕ ಆ ಮಾತು ಕೊಠಡಿಯ ಹೊರಗೆ ಹೋಗಲಿಲ್ಲ ಎಂದು ಖಾತರಿಯಾದಾಗ.

ಪೋಷಕರನ್ನು ಇಲ್ಲಿ ಮರೆಯಬಾರದು. ಬದಲಾವಣೆ ತಂದ ಹೊಸದರಲ್ಲಿ ಶಾಲೆಯ ಕೆಲಸ ಮೊದಲು ಕೆಳಗಿಳಿದು ಆಮೇಲೆ ಮೇಲೇರುತ್ತದೆ ಎಂದು ಕೆನಡಾದ ಶಿಕ್ಷಣ ತಜ್ಞ ಮೈಕೆಲ್ ಫುಲನ್ ಹೇಳುತ್ತ ಬಂದಿದ್ದಾರೆ. ಸಿದ್ಧಾಂತವಾಗಿ ಓದಲು ಚೆನ್ನ. ಮಗಳ ಅಂಕಪಟ್ಟಿಯಲ್ಲಿ ಆ ಇಳಿತ ಕಂಡ ತಂದೆಗೆ ಅದನ್ನು ವಿವರಿಸುವುದು ಬೇರೆ ಮಾತು. ಮೊದಲ ಪರೀಕ್ಷೆಯ ಅಂಕಗಳು ಹಾಗೆಯೇ ಬಂದಿದ್ದವು. ಕೆಲವರು ವರ್ಗಾವಣೆ ಪತ್ರ ಕೇಳಲು ಬಂದರು, ಮಾತನಾಡಿದರು, ಪತ್ರ ಪಡೆಯದೆ ಹೋದರು. ಅಷ್ಟು ಸಮಯ ಕೊಟ್ಟದ್ದೇ ದೊಡ್ಡದು.

ಇನ್ನು ನನ್ನನ್ನು ವಿರೋಧಿಸಿದವರಿಗೆ. ಚಿಕ್ಕ ಶಾಲೆಯಲ್ಲಿ ದಿನದ ಮೊದಲ ಅವಧಿ ಮೌನ ಓದಿಗೆ ಮೀಸಲಾಗಿತ್ತು. ವೇಳಾಪಟ್ಟಿ ಬಿಗಿಯಾಗಿತ್ತು, ಅದನ್ನು ತೆಗೆದುಹಾಕಲು ನಾವು ನಿರ್ಧರಿಸಿದ್ದೆವು. ಹಿರಿಯ ಭಾಷಾ ಶಿಕ್ಷಕಿಯೊಬ್ಬರು ಒಪ್ಪಲಿಲ್ಲ. ಕೂಗಾಡಲಿಲ್ಲ, ದೂರು ಬರೆಯಲಿಲ್ಲ. ಆ ಅವಧಿಯಿಂದಾಗಿ ಓದಲು ಕಲಿತ ಮಕ್ಕಳ ಓದಿನ ದಾಖಲೆಗಳನ್ನು ತಂದು ಮೇಜಿನ ಮೇಲೆ ಇಟ್ಟು, ಓದಿ ನೋಡಿ ಎಂದರು. ಈಗ ಇಡೀ ಶಾಲೆ ಮೊದಲ ಅವಧಿಯಲ್ಲಿ ಓದುತ್ತದೆ. ಬದಲಾವಣೆಯ ಹೊತ್ತಿನಲ್ಲಿ ಬೇಡ ಎನ್ನುವವರೆಲ್ಲ ಹಳೆಯದಕ್ಕೆ ಜೋತುಬಿದ್ದವರು ಎಂಬ ಮಾತು ಮೇಲಧಿಕಾರಿಗಳಿಗೆ ಬಹಳ ಅನುಕೂಲಕರ. ಯಾವುದನ್ನು ಉಳಿಸಿಕೊಳ್ಳಬೇಕು ಎಂಬ ಜ್ಞಾನ ಬಹುಪಾಲು ಅಂಥವರ ಬಳಿಯೇ ಇರುತ್ತದೆ.

ದೈಹಿಕ ಶಿಕ್ಷಣದ ಶಿಕ್ಷಕರು ಕೊಟ್ಟ ಸಲಹೆ ಚಿಕ್ಕದು, ಅದರ ಉಪಕಾರ ದೊಡ್ಡದು. ಹೊಸ ಕೆಲಸವೊಂದನ್ನು ಸೇರಿಸುವವರು ಕೈಬಿಡಬೇಕಾದ ಹಳೆಯ ಕೆಲಸವೊಂದನ್ನೂ ಅದೇ ಸಭೆಯಲ್ಲಿ ಹೆಸರಿಸಬೇಕು. ಇದರಿಂದ ಯಾರೂ ಓದದ ಮಾಸಿಕ ವರದಿಗಳು ಹೋದವು, ಒಂದೇ ಮಾಹಿತಿಯನ್ನು ಮೂರು ಕಡೆ ತುಂಬುವುದು ನಿಂತಿತು, ರಾತ್ರಿ ಹೊತ್ತು ಮೊಬೈಲಿಗೆ ಬರುತ್ತಿದ್ದ ಸೂಚನೆಗಳು ಬೆಳಗಿಗೆ ಮುಂದೂಡಲ್ಪಟ್ಟವು. ಶಿಕ್ಷಕರ ದಣಿವನ್ನು ನಿಷ್ಠೆಯ ಅಳತೆಗೋಲು ಮಾಡಿಕೊಂಡ ಶಾಲೆ ಎರಡನೇ ವರ್ಷ ಕಾಣುವುದಿಲ್ಲ ಎಂದು ಅವರು ಹೇಳಿದ್ದರು. ನಮ್ಮ ಶಾಲೆ ಎರಡನೇ ವರ್ಷ ಕಂಡಿದೆ.

ನಾನು ರಜೆಯಲ್ಲಿದ್ದಾಗ ಪ್ರಭಾರ ವಹಿಸಿಕೊಂಡ ಹಿರಿಯ ಸಹಶಿಕ್ಷಕಿಯ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ಅವರು ನನ್ನ ಕುರ್ಚಿಯಲ್ಲಿ ಕೂರಲಿಲ್ಲ. ವಿನಯದಿಂದ ಎಂದು ಕೆಲವರು ಹೊಗಳಿದರಂತೆ. ಕಾರಣ ಅದಲ್ಲ. ಒಬ್ಬರು ಮಾಡುತ್ತಿದ್ದ ಕೆಲಸವನ್ನು ಒಬ್ಬರೇ ಮಾಡಬೇಕಾಗಿಲ್ಲ ಎಂದು ಅವರು ಅದನ್ನು ತುಂಡು ತುಂಡಾಗಿ ಬಿಡಿಸಿದ್ದರು. ವೇಳಾಪಟ್ಟಿ, ಪರೀಕ್ಷೆ, ಪೋಷಕರ ಭೇಟಿ, ಹೊಸ ಶಿಕ್ಷಕರ ಮಾರ್ಗದರ್ಶನ, ಹೀಗೆ ಪ್ರತಿಯೊಂದಕ್ಕೂ ಇಬ್ಬರು. ಕೇವಲ ದುಡಿಮೆಯನ್ನಲ್ಲ, ತೀರ್ಮಾನಿಸುವ ಅಧಿಕಾರವನ್ನೂ ಅವರ ಕೈಗೆ ಕೊಟ್ಟರು. ಕೆಲಸ ಹಂಚಿ ಸಹಿ ಮಾತ್ರ ತಮ್ಮಲ್ಲೇ ಇಟ್ಟುಕೊಳ್ಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಮೆರಿಕ ಮತ್ತು ಕೆನಡಾದ ಎಂಟು ಪ್ರೌಢಶಾಲೆಗಳ ಮೂವತ್ತು ವರ್ಷಗಳ ಇತಿಹಾಸವನ್ನು ಕೆದಕಿದ ಒಂದು ಅಧ್ಯಯನದಲ್ಲಿ, ಮುಖ್ಯಸ್ಥರು ಬದಲಾದಾಗಲೆಲ್ಲ ಒಳ್ಳೆಯ ಸುಧಾರಣೆಗಳೂ ಸವೆದುಹೋದದ್ದು ಮತ್ತೆ ಮತ್ತೆ ಕಂಡುಬಂತು. ನಾಯಕರು ದಕ್ಷರಾಗಿದ್ದರು, ಅವರ ನಂತರ ಏನು ಎಂಬ ಸಿದ್ಧತೆ ಇರಲಿಲ್ಲ. ಆ ಸಿದ್ಧತೆಯನ್ನು ನಮ್ಮಲ್ಲಿ ನಾನು ಇನ್ನೂ ಹುದ್ದೆಯಲ್ಲಿರುವಾಗಲೇ ಅವರು ಮಾಡಿ ಮುಗಿಸಿದ್ದಾರೆ. ನಾನು ಮರಳಿ ಬಂದ ದಿನ ಕೇಳಿದ ಬಹುತೇಕ ಪ್ರಶ್ನೆಗಳಿಗೆ, 'ಅದನ್ನು ಅವರಿಬ್ಬರು ನೋಡಿಕೊಳ್ಳುತ್ತಾರೆ ಮೇಡಂ' ಎಂಬ ಉತ್ತರ ಬಂತು. ಸಂಜೆಯ ಹೊತ್ತಿಗೆ ಸ್ವಲ್ಪ ಮುಖ ಊದಿಸಿಕೊಂಡೇ ಮನೆಗೆ ಹೋದೆ. ಮಾರನೆಯ ದಿನದಿಂದ ಹಾಯಾಗಿದ್ದೇನೆ.

ಕಚೇರಿಯ ಗುಮಾಸ್ತರ ದಪ್ಪ ನೋಟ್‌ಬುಕ್ ಇಲ್ಲದಿದ್ದರೆ ಇದು ಯಾವುದೂ ನಡೆಯುತ್ತಿರಲಿಲ್ಲ. 2020ರಲ್ಲಿ 190ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 160 ಕೋಟಿ ವಿದ್ಯಾರ್ಥಿಗಳ ಕಲಿಕೆಗೆ ಅಡ್ಡಿಯಾಗಿ ಶಾಲೆಗಳು ಮುಚ್ಚಿದಾಗ, ಪೋಷಕರ ದೂರವಾಣಿ ಸಂಖ್ಯೆಗಳು ಬೀಗ ಹಾಕಿದ ಬೀರುವಿನೊಳಗೆ ಸಿಕ್ಕಿಕೊಂಡಿದ್ದವು. ಅಂದಿನಿಂದ ಅವರು ಎಲ್ಲವನ್ನೂ ಬರೆದಿಡುತ್ತಾರೆ: ಯಾವ ಅರ್ಜಿ ಯಾವ ತಿಂಗಳು, ಯಾರ ಸಹಿ ಬೇಕು, ಹಿಂದಿನ ಸಲ ಎಲ್ಲಿ ತಡವಾಯಿತು. ಒಂದು ಪ್ರತಿ ಬೀರುವಿನ ಹೊರಗೂ ಇರುತ್ತದೆ. ಮಾಹಿತಿಯನ್ನು ತಲೆಯಲ್ಲಿಟ್ಟುಕೊಂಡು ತಮ್ಮನ್ನು ಅನಿವಾರ್ಯವಾಗಿಸಿಕೊಳ್ಳುವುದು ಅವರಿಗೆ ಸುಲಭವಾಗಿತ್ತು.

ಪಕ್ಕದ ಶಾಲೆಯ ಮುಖ್ಯಶಿಕ್ಷಕರಿಗೂ ಋಣಿ. ನಮ್ಮ ದಾಖಲಾತಿ ಕುಸಿದಿದ್ದರೆ ಅವರಿಗೆ ಲಾಭವಿತ್ತು. ಆದರೂ ನಮ್ಮ ವಿಜ್ಞಾನ ಶಿಕ್ಷಕರ ಹುದ್ದೆ ಖಾಲಿಯಿದ್ದಾಗ ತಮ್ಮವರನ್ನು ವಾರಕ್ಕೆ ಕೆಲವು ಅವಧಿ ಕಳುಹಿಸಿಕೊಟ್ಟರು. ಈಗ ನಮ್ಮ ಗಣಿತ ತಂಡ ಅಲ್ಲಿಗೆ ಹೋಗಿ ಪಾಠ ನೋಡುತ್ತದೆ, ಅವರು ಇಲ್ಲಿಗೆ ಬರುತ್ತಾರೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆರೆದ ಸಹಾಯಕ ಸಿಬ್ಬಂದಿಗೆ, ಎರಡೂ ಶಾಲೆಯ ಮಕ್ಕಳ ಹೆಸರನ್ನು ನಮಗಿಂತ ಬೇಗ ಕಲಿತ ಕಾವಲುಗಾರರಿಗೆ, ಅಪರಿಚಿತರ ಪಕ್ಕದಲ್ಲಿ ಕೂರಲು ಒಪ್ಪಿದ ಮಕ್ಕಳಿಗೆ ನಮಸ್ಕಾರಗಳು.

ಮುಂದಿನ ವರ್ಷದ ವೇಳಾಪಟ್ಟಿ ಸಿದ್ಧವಾಗಿದೆ. ಮಾಡಿದವರು ಆ ಇಬ್ಬರೇ, ನನ್ನನ್ನು ಕೇಳಲಿಲ್ಲ. ಆಡಳಿತದ ಹೊರೆ ಇಳಿದಿರುವುದರಿಂದ ನಾನೂ ಎಂಟನೇ ತರಗತಿಗೆ ಪಾಠ ಮಾಡಬೇಕಂತೆ, ಸಂತೋಷ. ಅದಕ್ಕಾಗಿ ನನಗೆ ಕೊಟ್ಟಿರುವುದು ವಾರದ ಕೊನೆಯ ದಿನದ ಕೊನೆಯ ಅವಧಿ. ಅದೊಂದಕ್ಕೆ ಮಾತ್ರ ಧನ್ಯವಾದ ಹೇಳುವುದಿಲ್ಲ.