ಗೋಡೆ ಮೇಲಿನ ಸೂರ್ಯ, ಮನೆಯಲ್ಲಿ ಜಗಳ

ಮಾನ್ಯರೇ,

ನಮ್ಮ ಬಡಾವಣೆಯ ಸರ್ಕಾರಿ ಶಾಲೆ ಗೋಡೆಗೆ ಚಿತ್ರ ಬರೆಸಿದ್ದನ್ನು ಹೊಗಳಿ ಸೋಮವಾರ ನೀವು ಫೋಟೊ ಸಮೇತ ವರದಿ ಹಾಕಿದ್ದೀರಿ. ಅದೇ ಚಿತ್ರದಿಂದ ನನ್ನ ಭಾನುವಾರ ಹಾಳಾಗಿದ್ದು ಮಾತ್ರ ಅದರಲ್ಲಿ ಇರಲಿಲ್ಲ.

ಆರನೇ ಕ್ಲಾಸಿನ ಮೊಮ್ಮಗಳು, ಭೂಮಿ ಸೂರ್ಯನ ಹತ್ತಿರ ಹೋದಾಗ ಬೇಸಿಗೆ, ದೂರ ಹೋದಾಗ ಚಳಿಗಾಲ ಎಂದು ಬರೆದಿದ್ದಾಳೆ. ತಪ್ಪು ಕಣಮ್ಮ ಎಂದರೆ, "ಗೋಡೆ ಮೇಲೆ ಹಾಗೇ ಇದೆಯಲ್ಲ ತಾತ" ಅಂತಾಳೆ. ಹೋಗಿ ನೋಡಿದೆ. ಭೂಮಿ ಸುತ್ತುವ ದಾರಿಯನ್ನು ಸೌತೆಕಾಯಿ ಹಾಗೆ ಉದ್ದಕ್ಕೆ ಎಳೆದು, ಸೂರ್ಯನನ್ನು ಒಂದು ತುದಿಗೆ ಕೂರಿಸಿದ್ದಾರೆ. ಮಗುವಿನದ್ದು ಏನು ತಪ್ಪು?

ಅಸಲಿಗೆ ಆ ದಾರಿ ಹೆಚ್ಚುಕಡಿಮೆ ಗುಂಡಗೇ ಇದೆ. ಕೈವಾರದಲ್ಲಿ ಎಳೆದ ವೃತ್ತಕ್ಕೂ ಅದಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣದು. ಭೂಮಿ ಸೂರ್ಯನಿಗೆ ತೀರಾ ಹತ್ತಿರ ಇರುವುದು ಜನವರಿ ಮೊದಲ ವಾರ, ಸುಮಾರು 14.7 ಕೋಟಿ ಕಿ.ಮೀ. ನಾನು ಮಫ್ಲರ್ ಸುತ್ತಿಕೊಂಡು ವಾಕಿಂಗ್ ಹೋಗುವ ದಿನಗಳವು! ಜುಲೈನಲ್ಲಿ 15.2 ಕೋಟಿ. ಬೇಸಿಗೆಗೆ ಕಾರಣ ಭೂಮಿ 23.5 ಡಿಗ್ರಿ ವಾಲಿಕೊಂಡಿರುವುದು. ಇದನ್ನು ನಿಂಬೆಹಣ್ಣು, ಟಾರ್ಚ್ ಹಿಡಿದು ಎರಡು ಗಂಟೆ ವಿವರಿಸಿದೆ. ಕರೆಂಟ್ ಹೋಗಿದ್ದೊಂದೇ ಅವತ್ತಿನ ಅನುಕೂಲ. ಕೊನೆಗೆ ಅವಳು ಕೇಳಿದ್ದು, "ಪರೀಕ್ಷೆಗೆ ಯಾವುದು ಬರೀಲಿ?"

ಪಕ್ಕದ ಗೋಡೆಯಲ್ಲಿ ಹೃದಯ, ಅರ್ಧ ಕೆಂಪು, ಅರ್ಧ ನೀಲಿ. ಲ್ಯಾಬಿನಲ್ಲಿ ನನ್ನ ರಕ್ತ ತೆಗೆದಾಗ ನೀಲಿ ಬರಲಿಲ್ಲ ಅಂತ ಮೊಮ್ಮಗಳಿಗೆ ಬೇಜಾರು. ಗುರುತಿಗೆ ಬಳಿದ ಬಣ್ಣ ಎಂದು ಕೆಳಗೆ ಒಂದು ಸಾಲು ಬರೆಸಿದ್ದರೆ ಗಂಟೇನು ಹೋಗುತ್ತಿತ್ತು? ಉದ್ಘಾಟಿಸಿದವರ ಹೆಸರಿಗೆ ಮಾತ್ರ ಸೂರ್ಯನಿಗಿಂತ ಜಾಸ್ತಿ ಜಾಗ ಸಿಕ್ಕಿದೆ.

ಶಾಲೆಯಲ್ಲಿ ಕೇಳಿದರೆ "ಮೇಲಿಂದ ಬಂದ ಡಿಸೈನ್ ಸಾರ್" ಎಂದರು. ಮೇಲಿನವರ ಕಚೇರಿಗೆ 80 ರೂಪಾಯಿ ಆಟೊಗೆ ಕೊಟ್ಟು ಹೋದೆ. ಸಾಹೇಬರು ಮೀಟಿಂಗ್‌ನಲ್ಲಿದ್ದರು. ಅವರು ಯಾವಾಗ ಮೀಟಿಂಗ್‌ನಲ್ಲಿ ಇರಲ್ಲ ಅನ್ನುವುದನ್ನೂ ಒಂದು ಚಿತ್ರ ಬರೆಸಿ ಹಾಕಿದರೆ ಚೆನ್ನ. ವಾಪಸ್ ಬರುವಾಗ ಮುರಿದ ಚರಂಡಿ ಚಪ್ಪಡಿ ಮೇಲೆ ಕಾಲಿಟ್ಟು ಮಂಡಿ ಉಳುಕಿತು. ಆ ಚಪ್ಪಡಿಗೆ ನಾನು ಮೂರು ಸಲ ಅರ್ಜಿ ಕೊಟ್ಟಿದ್ದೇನೆ.

ಚಿತ್ರ ನಂಬಿ ಕೆಡುವುದು ಮಕ್ಕಳು ಮಾತ್ರ ಅಲ್ಲ ಬಿಡಿ. ಬಡಾವಣೆಯ ನಕ್ಷೆಯಲ್ಲಿ ಹಸಿರು ಬಳಿದು ಪಾರ್ಕ್ ಎಂದು ತೋರಿಸಿದ್ದನ್ನು ನೋಡಿಯೇ ನಾನು ಸೈಟು ತಗೊಂಡಿದ್ದು. ಅಲ್ಲಿ ಇವತ್ತಿಗೂ ಕಸದ ರಾಶಿ.

ಆ ಸೌತೆಕಾಯಿಯನ್ನು ಅಳಿಸಲಿ, ಇಲ್ಲವೇ ಗುಂಡಗೆ ಬರೆಸಲಿ. ಹಾಗೇ ಚರಂಡಿಗೆ ಚಪ್ಪಡಿಯನ್ನೂ ಹಾಕಿಸಲಿ. ಎರಡೂ ಆಗದಿದ್ದರೆ ಪರೀಕ್ಷೆಗೆ ಯಾವುದು ಬರೆಯಬೇಕು ಅಂತ ಸಾಹೇಬರೇ ನಮ್ಮ ಮನೆಗೆ ಬಂದು ಹೇಳಿ ಹೋಗಲಿ. ನಿಂಬೆಹಣ್ಣು ಇದೆ.

– ನಿವೃತ್ತ ಬ್ಯಾಂಕ್ ನೌಕರ, ಮೈಸೂರು