ಪ್ರವಾಸದ ಹೊಣೆ ವಿದ್ಯಾರ್ಥಿಗಳ ಕೈಗೂ ಬರಲಿ

ಮಾನ್ಯ ಸಂಪಾದಕರೇ,

ಅಂತರರಾಷ್ಟ್ರೀಯ ವಸತಿ ಶಾಲೆಗಳಲ್ಲಿ ಪ್ರವೇಶದ ಸಮಯ ಬಂತೆಂದರೆ ಅವುಗಳ ಪರಿಚಯ ಪುಸ್ತಿಕೆಗಳ ತುಂಬ ಚಾರಣ, ದೋಣಿಯಾನ, ವಿದೇಶ ಪ್ರವಾಸಗಳ ಚಿತ್ರಗಳೇ ಇರುತ್ತವೆ. ಮಗುವನ್ನು ಸೇರಿಸಲು ಬರುವ ತಂದೆ ತಾಯಿ ವರ್ಷಕ್ಕೆ ಎಷ್ಟು ಪ್ರವಾಸ, ಯಾವ ಯಾವ ದೇಶಕ್ಕೆ ಎಂದು ವಿಚಾರಿಸುತ್ತಾರೆಯೇ ಹೊರತು, ಆ ಪ್ರವಾಸದಲ್ಲಿ ಮಗುವಿನ ಕೆಲಸವೇನು ಎಂದು ಕೇಳುವುದು ಬಹಳ ಅಪರೂಪ. ಇಂಥ ಶಾಲೆಗಳ ವಿದ್ಯಾರ್ಥಿನಿಲಯಗಳಲ್ಲಿ ಹಲವು ವರ್ಷ ನಿಲಯಪಾಲಕನಾಗಿದ್ದ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿರುವ ಪ್ರಶ್ನೆ ಅದೇ. ದಾರಿ, ಊಟ, ತಂಗುದಾಣ, ಖರ್ಚು ಎಲ್ಲವನ್ನೂ ದೊಡ್ಡವರೇ ತೀರ್ಮಾನಿಸಿ ಮಕ್ಕಳನ್ನು ಬಸ್ಸು ಹತ್ತಿಸಿ ಇಳಿಸುವ ಪ್ರವಾಸದಿಂದ ಅವರಿಗೆ ಸಂತೋಷವೇನೋ ಸಿಗುತ್ತದೆ. ಆದರೆ ಮನೆ ಬಿಟ್ಟು ಬಂದು ವರ್ಷಗಟ್ಟಲೆ ಒಟ್ಟಿಗೆ ಬದುಕುವ ಮಕ್ಕಳಿಗೆ ವಸತಿ ಶಾಲೆಯೊಂದು ಕೊಡಬಹುದಾದ ದೊಡ್ಡ ಶಿಕ್ಷಣ ಅದರಿಂದ ಸಿಗುವುದಿಲ್ಲ.

ಈ ಶಾಲೆಗಳ ಪಠ್ಯೇತರ ಚಟುವಟಿಕೆಗಳ ಹಿಂದೆ ಜರ್ಮನಿಯ ಶಿಕ್ಷಣತಜ್ಞ ಕುರ್ಟ್ ಹಾನ್ ಅವರ ಚಿಂತನೆಯ ಪಾಲು ದೊಡ್ಡದು. 1920ರಲ್ಲಿ ಜರ್ಮನಿಯ ಸಾಲೆಮ್‌ನಲ್ಲಿ ಶಾಲೆ ತೆರೆದ ಅವರು ನಾಜಿಗಳನ್ನು ವಿರೋಧಿಸಿ ಸೆರೆಮನೆ ಕಂಡು, 1933ರಲ್ಲಿ ಬ್ರಿಟನ್ನಿಗೆ ಹೋಗಿ, ಮರುವರ್ಷ ಸ್ಕಾಟ್ಲೆಂಡಿನಲ್ಲಿ ಗೋರ್ಡನ್‌ಸ್ಟನ್ ಶಾಲೆಯನ್ನು ಕಟ್ಟಿದರು. ಅಲ್ಲಿನ ವಿದ್ಯಾರ್ಥಿಗಳು ಕಡಲತೀರದ ಕಾವಲು, ಬೆಂಕಿ ನಂದಿಸುವಿಕೆ, ಬೆಟ್ಟದಲ್ಲಿ ಸಿಕ್ಕಿಬಿದ್ದವರ ರಕ್ಷಣೆಯಂಥ ಕೆಲಸಗಳಲ್ಲಿ ತರಬೇತಿ ಪಡೆದು ಸುತ್ತಲಿನ ಜನರಿಗೆ ನಿಜವಾಗಿಯೂ ನೆರವಾಗುತ್ತಿದ್ದರು. ಹಾನ್ ಅವರ ಪ್ರೇರಣೆಯಿಂದಲೇ 1962ರಲ್ಲಿ ವೇಲ್ಸ್‌ನ ಕಡಲಂಚಿನ ಕೋಟೆಯೊಂದರಲ್ಲಿ ಅಟ್ಲಾಂಟಿಕ್ ಕಾಲೇಜು ಆರಂಭವಾಯಿತು. ಬೇರೆ ಬೇರೆ ದೇಶಗಳಿಂದ ಬಂದ ಹದಿಹರೆಯದವರು ಒಂದೇ ಸೂರಿನಡಿ ಓದುತ್ತಲೇ, ಸಮುದ್ರದಲ್ಲಿ ಅಪಾಯಕ್ಕೆ ಸಿಲುಕಿದವರನ್ನು ಕಾಪಾಡುವ ಹೊಣೆಯನ್ನೂ ಹೊತ್ತರು. ಗಟ್ಟಿ ತಳಕ್ಕೆ ಗಾಳಿ ತುಂಬಿದ ಅಂಚು ಜೋಡಿಸಿದ ರಕ್ಷಣಾ ದೋಣಿಯ ವಿನ್ಯಾಸವು 1960ರ ದಶಕದಲ್ಲಿ ಅದೇ ಕಾಲೇಜಿನ ಶಿಕ್ಷಕರು ಮತ್ತು ವಿದ್ಯಾರ್ಥಿಗಳು ಮತ್ತೆ ಮತ್ತೆ ಕಟ್ಟಿ, ಒಡೆದು, ತಿದ್ದಿದ ಪ್ರಯತ್ನಗಳಿಂದ ರೂಪುಗೊಂಡಿತು. ಇಂದು ಜಗತ್ತಿನ ಎಷ್ಟೋ ಕರಾವಳಿಗಳಲ್ಲಿ ಇಂಥ ದೋಣಿಗಳೇ ಜೀವ ಉಳಿಸುತ್ತಿವೆ. ಚಟುವಟಿಕೆ ಎಂಬ ಹೆಸರಿನಲ್ಲಿ ಶಾಲೆಯೊಂದು ಮಕ್ಕಳನ್ನು ಎಷ್ಟು ನಂಬಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಹಾನ್ ಅವರ ವಿದ್ಯಾರ್ಥಿಯೇ ಆಗಿದ್ದ, ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಅವರ ಪತಿ ಪ್ರಿನ್ಸ್ ಫಿಲಿಪ್ 1956ರಲ್ಲಿ ಯುವಜನರಿಗಾಗಿ ಆರಂಭಿಸಿದ ಡ್ಯೂಕ್ ಆಫ್ ಎಡಿನ್‌ಬರೋ ಪ್ರಶಸ್ತಿ ಯೋಜನೆ ಇಂದು ಅನೇಕ ದೇಶಗಳ ವಸತಿ ಶಾಲೆಗಳಲ್ಲಿ ನಡೆಯುತ್ತಿದೆ. ಕಂಚಿನ ಹಂತಕ್ಕೆ ಎರಡು ಹಗಲು ಒಂದು ರಾತ್ರಿಯ, ಚಿನ್ನದ ಹಂತಕ್ಕೆ ನಾಲ್ಕು ಹಗಲು ಮೂರು ರಾತ್ರಿಗಳ ಸಾಹಸಯಾನ ಅದರ ಭಾಗ. ನಕ್ಷೆ ಓದುವುದನ್ನು ಕಲಿತು, ತಾವೇ ದಾರಿ ಗುರುತಿಸಿ, ಗುಡಾರ ಆಹಾರಗಳನ್ನು ಹೊತ್ತು, ಅಡುಗೆ ಮಾಡಿಕೊಂಡು ಸಣ್ಣ ತಂಡ ಸಾಗಬೇಕು. ಮೇಲ್ವಿಚಾರಕರು ದೂರದಿಂದ ಗಮನಿಸುತ್ತಾರೆ, ಮುಂದೆ ನಿಂತು ನಡೆಸುವುದಿಲ್ಲ. ಇಂಥ ಯಾನಕ್ಕೆ ಹೊರಡುವ ಮುನ್ನಿನ ವಾರಗಳಲ್ಲಿ ವಿದ್ಯಾರ್ಥಿನಿಲಯದ ವಾತಾವರಣವೇ ಬದಲಾಗುವುದನ್ನು ನಾನು ಕಂಡಿದ್ದೇನೆ. ಊಟದ ಮೇಜಿನಲ್ಲಿ ಒಬ್ಬರೊಡನೊಬ್ಬರು ಮಾತನಾಡದ ಹುಡುಗರು ಸ್ಟವ್ ಯಾರು ಹೊರಬೇಕು, ನಿಧಾನವಾಗಿ ನಡೆಯುವವನಿಗೆ ತಕ್ಕಂತೆ ದಿನದ ದೂರವನ್ನು ಎಷ್ಟು ಇಟ್ಟುಕೊಳ್ಳಬೇಕು ಎಂದು ತಡರಾತ್ರಿಯವರೆಗೂ ವಾದಿಸುತ್ತಾರೆ. ಭಾಷೆ ಬೇರೆ, ಆಹಾರ ಬೇರೆ, ಬೆಳೆದ ರೀತಿ ಬೇರೆಯಾದ ಮಕ್ಕಳು ಒಬ್ಬರನ್ನೊಬ್ಬರು ಅರಿಯುವುದು ಈ ವಾದಗಳಲ್ಲೇ. ದೀಪ ಆರಿಸುವ ಹೊತ್ತು ಮೀರಿತೆಂದು ಅವರನ್ನು ಗದರಿಸಲು ನನಗೆ ಮನಸ್ಸು ಬರುತ್ತಿರಲಿಲ್ಲ.

ಇಂಥ ಹಲವು ಶಾಲೆಗಳಲ್ಲಿ ಕೊನೆಯ ಎರಡು ವರ್ಷ ಓದುವ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್ ಡಿಪ್ಲೊಮಾದಲ್ಲಿ ಸೃಜನಶೀಲತೆ, ಚಟುವಟಿಕೆ, ಸೇವೆ ಎಂಬ ಕಡ್ಡಾಯ ಭಾಗವೊಂದಿದೆ. ಅದಕ್ಕೆ ಅಂಕಗಳಿಲ್ಲ, ಆದರೆ ಪೂರೈಸದವರಿಗೆ ಡಿಪ್ಲೊಮಾ ಸಿಗುವುದಿಲ್ಲ. ಹಿಂದೆ 150 ಗಂಟೆಗಳ ಲೆಕ್ಕ ಇಡಬೇಕಾಗಿತ್ತು. ಈಗ ಕನಿಷ್ಠ 18 ತಿಂಗಳು ನಿರಂತರವಾಗಿ ತೊಡಗಿಕೊಂಡು, ಒಂದು ತಿಂಗಳಿಗಿಂತ ಕಡಿಮೆಯಿಲ್ಲದ ಯೋಜನೆಯೊಂದನ್ನು ಇತರರೊಡನೆ ಸೇರಿ ಕೈಗೊಳ್ಳಬೇಕು. ಗಂಟೆಯ ಲೆಕ್ಕ ಹೋದದ್ದು ಬಹಳ ಒಳ್ಳೆಯದಾಯಿತು. ಆದರೂ ವಾರಾಂತ್ಯದಲ್ಲಿ ಅನಾಥಾಲಯವೊಂದಕ್ಕೆ ಹೋಗಿ, ಹಾಡು ಹೇಳಿಕೊಟ್ಟು, ಫೋಟೊ ತೆಗೆಸಿಕೊಂಡು ಬರುವುದನ್ನೇ ಸೇವೆ ಎನ್ನುವ ರೂಢಿ ಇನ್ನೂ ಅಳಿದಿಲ್ಲ. ಬಂದು ಹೋಗುವ ಅಪರಿಚಿತರಿಗೆ ಆ ಮಕ್ಕಳು ಪದೇ ಪದೇ ಮನಸ್ಸು ಕೊಟ್ಟು ಪದೇ ಪದೇ ಕಳೆದುಕೊಳ್ಳುತ್ತಾರೆ. ಇದರಿಂದ ಅವರಿಗಾಗುವ ನೋವಿನ ಬಗ್ಗೆ ಮಕ್ಕಳ ಹಕ್ಕುಗಳಿಗಾಗಿ ದುಡಿಯುವವರು ಬಹುಕಾಲದಿಂದ ಎಚ್ಚರಿಸುತ್ತಿದ್ದಾರೆ. ಶಾಲೆಯ ಆಸುಪಾಸಿನ ಒಂದೇ ಜಾಗಕ್ಕೆ, ಅಲ್ಲಿನವರು ಕೇಳಿದ ಕೆಲಸಕ್ಕೆ, ಎರಡು ವರ್ಷ ತಪ್ಪದೆ ಹೋಗುವ ವಿದ್ಯಾರ್ಥಿ ಸಾಧಿಸುವಷ್ಟನ್ನು ದೂರದ ಸೇವಾ ಪ್ರವಾಸಗಳು ಸಾಧಿಸುವುದಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಮಕ್ಕಳಿಗೆ ಹೊಣೆ ಕೊಡಿ ಎಂದಾಗ ಸುರಕ್ಷತೆಯ ಮಾತು ಬರುತ್ತದೆ, ಬರಲೇಬೇಕು. 1993ರಲ್ಲಿ ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ಸಾಹಸ ಕೇಂದ್ರವೊಂದರ ಮೂಲಕ ಕಯಾಕ್ ಎಂಬ ಕಿರುದೋಣಿಗಳ ಯಾನಕ್ಕೆ ಹೋದ ನಾಲ್ವರು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಆ ದುರಂತದ ನಂತರ 1995ರಲ್ಲಿ ಬ್ರಿಟನ್ ಕಾನೂನು ತಂದು, ಇಂಥ ಕೇಂದ್ರಗಳಿಗೆ ಪರವಾನಗಿಯನ್ನು ಕಡ್ಡಾಯ ಮಾಡಿತು. ಆ ಮಕ್ಕಳು ಹೊರಟದ್ದು ದೊಡ್ಡವರ ಯೋಜನೆಯಂತೆ, ದೊಡ್ಡವರ ಜೊತೆಯಲ್ಲಿಯೇ ಎಂಬುದನ್ನು ನಾವು ನೆನಪಿಡಬೇಕು. ಸುರಕ್ಷತೆ ಹುಟ್ಟುವುದು ಅರ್ಹ ಮಾರ್ಗದರ್ಶಕರಿಂದ, ಮೊದಲೇ ನಡೆಸಿದ ಅಭ್ಯಾಸ ಯಾನಗಳಿಂದ, ಹವಾಮಾನ ಕೆಟ್ಟರೆ ಹಿಂತಿರುಗುವ ಪೂರ್ವನಿರ್ಧಾರದಿಂದ. ಅಪಾಯಗಳ ಪಟ್ಟಿಯನ್ನು ಶಿಕ್ಷಕರೊಡನೆ ಕುಳಿತು ಬರೆದ ವಿದ್ಯಾರ್ಥಿಯು ನೀರಿಗಿಳಿಯುವಾಗ ಜೀವರಕ್ಷಕ ಅಂಗಿಯ ಪಟ್ಟಿಯನ್ನು ತಾನೇ ಎರಡು ಸಲ ಎಳೆದು ನೋಡುತ್ತಾನೆ.

ಇನ್ನೊಂದು ವಿಷಯವನ್ನು ಹೇಳದಿದ್ದರೆ ಈ ಪತ್ರ ಅಪೂರ್ಣವಾದೀತು. ಅನೇಕ ಶಾಲೆಗಳಲ್ಲಿ ದೂರದ ಪ್ರವಾಸಗಳಿಗೆ ಶುಲ್ಕದ ಹೊರಗೆ ಬೇರೆ ಹಣ ಕಟ್ಟಬೇಕು. ವಿದ್ಯಾರ್ಥಿವೇತನದ ಮೇಲೆ ಬಂದ ಮಗು ಪ್ರಕಟಣೆಯ ಹಾಳೆಯನ್ನು ಓದಿ, ತನಗೆ ಚಾರಣದಲ್ಲಿ ಆಸಕ್ತಿಯಿಲ್ಲ ಎಂದು ಹೇಳಿ ಸುಮ್ಮನಾಗುತ್ತದೆ. ಗೆಳೆಯರೆಲ್ಲ ಹೊರಟುಹೋದ ವಾರದಲ್ಲಿ ಬಹುಪಾಲು ಖಾಲಿಯಾದ ನಿಲಯದಲ್ಲಿ ಉಳಿಯುವ ಇಂಥ ಮಕ್ಕಳ ಜೊತೆ ನಾನು ಊಟ ಮಾಡಿದ್ದೇನೆ, ಆಗೆಲ್ಲ ನನಗೆ ಬಹಳ ಸಂಕಟವಾಗಿದೆ. ದಿನವಿಡೀ ಒಟ್ಟಿಗಿರುವ ಸಮುದಾಯದಲ್ಲಿ ಹಣವಿದ್ದವರಿಗಷ್ಟೇ ತೆರೆಯುವ ಪ್ರವಾಸವನ್ನು ಶಿಕ್ಷಣದ ಭಾಗವೆಂದು ಕರೆಯುವುದು ಸರಿಯಲ್ಲ. ಶಿಕ್ಷಣದ ಭಾಗವೇ ಆಗಿದ್ದರೆ ಅದರ ಖರ್ಚು ಎಲ್ಲರ ಶುಲ್ಕದೊಳಗೆ, ಇಲ್ಲವೇ ವಿದ್ಯಾರ್ಥಿವೇತನದೊಳಗೆ ಸೇರಬೇಕು. ಹಾಗೆ ಸೇರಿಸಲಾಗದಷ್ಟು ದುಬಾರಿಯಾದ ಪ್ರವಾಸವನ್ನು ಶಾಲಾ ಅವಧಿಯಲ್ಲಿ ಇಟ್ಟುಕೊಳ್ಳಬಾರದು.

ಆದ್ದರಿಂದ ಶಾಲೆಗಳ ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟು: ಪ್ರತಿ ಪ್ರವಾಸಕ್ಕೂ ವಿದ್ಯಾರ್ಥಿಗಳ ಯೋಜನಾ ತಂಡವೊಂದನ್ನು ರಚಿಸಿ, ಆಯವ್ಯಯದ ಅಂಕಿಗಳನ್ನು ಮುಚ್ಚಿಡದೆ ಅದರ ಮುಂದಿಡಿ, ಮರಳಿದ ಮೇಲೆ ಎಲ್ಲಿ ಎಡವಿದೆವು ಎಂಬುದನ್ನು ಆ ತಂಡವೇ ಶಾಲಾ ಸಭೆಯಲ್ಲಿ ಮಂಡಿಸಲಿ. ಸಣ್ಣ ತರಗತಿಯವರು ಒಂದು ದಿನದ ನಡಿಗೆಯಿಂದ ಆರಂಭಿಸಲಿ. ಪೋಷಕರಾದವರು ಪ್ರವೇಶದ ದಿನ ಕಚೇರಿಯ ಸಂದರ್ಶನ ಮುಗಿಸಿದ ಮೇಲೆ ಅಲ್ಲಿನ ಹಿರಿಯ ವಿದ್ಯಾರ್ಥಿಯೊಬ್ಬರನ್ನು ಕಂಡು, ಕಳೆದ ಪ್ರವಾಸದಲ್ಲಿ ನೀವೇ ಕೈಗೊಂಡ ತೀರ್ಮಾನ ಯಾವುದು ಎಂದು ಕೇಳಬೇಕು, ಉತ್ತರ ಬರುವವರೆಗೆ ಕಾಯಬೇಕು.

ಇತಿ,
ನಿವೃತ್ತ ನಿಲಯಪಾಲಕ